ಗಾಳಿಯನ್ನು ಬೇರ್ಪಡಿಸಿದ ಟ್ರಾವರ್ಸ್, ಬೆಂಗಳೂರಿನಲ್ಲಿ ಬಿಡಿಸಲಾಗದ ಗಂಟು

2021ರ ಮೇ ತಿಂಗಳು ಯಾರಿಗೆ ಮರೆತಿರೋಕೆ ಸಾಧ್ಯ? ಕರ್ನಾಟಕದ ಆಸ್ಪತ್ರೆಗಳು ತೋರಣಗಲ್ಲಿನ ಕಡೆ ಮುಖ ಮಾಡಿ ಕೂತಿದ್ದ ದಿನಗಳವು. ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಆಮ್ಲಜನಕ ಒದಗಿಸುವ ಘಟಕಗಳಿಂದ ಟ್ಯಾಂಕರುಗಳು ಹಗಲೂ ರಾತ್ರಿ ಹೊರಡುತ್ತಿದ್ದವು. ಕಾರ್ಖಾನೆಯ ಪಕ್ಕದಲ್ಲೇ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದಿತ್ತು.

ಆ ಆಮ್ಲಜನಕವನ್ನು ಯಾರೂ ತಯಾರು ಮಾಡಿದ್ದಲ್ಲ. ಅದು ನಾವು ಉಸಿರಾಡುವ ಗಾಳಿಯಲ್ಲೇ ಇರೋದು. ಗಾಳಿಯನ್ನು ಒತ್ತಿ, ತಣಿಸಿ, ನೀರಿನ ಹಾಗೆ ದ್ರವ ಮಾಡಬೇಕು. ಆಮೇಲೆ ಅದನ್ನು ನಿಧಾನಕ್ಕೆ ಕುದಿಸಿದರೆ ಮೈನಸ್ 196 ಡಿಗ್ರಿಯಲ್ಲಿ ಸಾರಜನಕ, ಮೈನಸ್ 186ರಲ್ಲಿ ಆರ್ಗಾನ್, ಮೈನಸ್ 183ರಲ್ಲಿ ಆಮ್ಲಜನಕ ಒಂದೊಂದಾಗಿ ಬೇರೆಯಾಗುತ್ತವೆ. ಉಕ್ಕು ಮಾಡೋಕೆ ಆಮ್ಲಜನಕ ಬೇಕು. ಅದಕ್ಕೇ ದೊಡ್ಡ ಉಕ್ಕಿನ ಕಾರ್ಖಾನೆ ಇದ್ದಲ್ಲಿ ಗಾಳಿಯನ್ನು ಹೀಗೆ ಬಿಡಿಸುವ ಗೋಪುರಗಳೂ ಇರುತ್ತವೆ.

ಇದೇ ವಿದ್ಯೆಯನ್ನು 1898ರಲ್ಲಿ ಲಂಡನ್ನಿನ ಒಂದು ಪ್ರಯೋಗಾಲಯದಲ್ಲಿ ಇಬ್ಬರು ಗಾಜಿನ ಕೊಳವೆಗಳ ಅಳತೆಯಲ್ಲಿ ಮಾಡುತ್ತಿದ್ದರು. ಒಬ್ಬರು ಪ್ರೊಫೆಸರ್ ವಿಲಿಯಂ ರಾಮ್ಸೆ. ಇನ್ನೊಬ್ಬ ಅವರ ಶಿಷ್ಯ, 26 ವರ್ಷದ ಮಾರಿಸ್ ಟ್ರಾವರ್ಸ್. ಇದಾಗಿ ಎಂಟು ವರ್ಷಕ್ಕೆ ಟ್ರಾವರ್ಸ್ ಬೆಂಗಳೂರಿಗೆ ಬಂದರು. ಇನ್ನೂ ಕಟ್ಟಡವೇ ಇಲ್ಲದ ಒಂದು ವಿಶ್ವವಿದ್ಯಾಲಯಕ್ಕೆ ಮುಖ್ಯಸ್ಥರಾಗಿ ಬಂದವರು, ಅದನ್ನು ಕಟ್ಟಿ ನಿಲ್ಲಿಸಿ, ಎಲ್ಲರ ಜೊತೆ ಜಗಳವಾಡಿಕೊಂಡು ಹೊರಟರು. ಇವತ್ತು ನಾವು 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಅವರು.

ಕುಲಪತಿ ನೇಮಕ ಯಾರ ಕೈಯಲ್ಲಿರಬೇಕು, ವಿಶ್ವವಿದ್ಯಾಲಯಕ್ಕೆ ದುಡ್ಡು ಕೊಟ್ಟವರಿಗೆ ಅದರೊಳಗೆ ಎಷ್ಟು ಅಧಿಕಾರ ಇರಬೇಕು ಅಂತ ನಾವಿವತ್ತು ಕಿತ್ತಾಡುತ್ತಿದ್ದೇವೆ. ಈ ಜಗಳ ಎಷ್ಟು ಹಳೆಯದು ಅಂತ ತಿಳಿಯೋಕೆ ಟ್ರಾವರ್ಸ್ ಬದುಕನ್ನು ನೋಡಬೇಕು.

ಗಾಜು ಊದುವ ವಿಜ್ಞಾನಿ

ಮಾರಿಸ್ ವಿಲಿಯಂ ಟ್ರಾವರ್ಸ್ ಹುಟ್ಟಿದ್ದು 1872ರ ಜನವರಿ 24ರಂದು, ಲಂಡನ್ನಿನಲ್ಲಿ. ತಂದೆ ವೈದ್ಯರು. ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಸ್ವಲ್ಪ ಕಾಲ ಫ್ರಾನ್ಸಿನ ನಾನ್ಸಿಯಲ್ಲಿ ಕೆಲಸ ಮಾಡಿ, 1894ರಲ್ಲಿ ಅದೇ ಕಾಲೇಜಿಗೆ ರಾಮ್ಸೆ ಅವರ ಸಹಾಯಕರಾಗಿ ಮರಳಿದರು. ಅದು ಒಳ್ಳೇ ಮುಹೂರ್ತ. ಅದೇ ವರ್ಷ ರಾಮ್ಸೆ ಮತ್ತು ರೇಲಿ ಗಾಳಿಯಲ್ಲಿ ಆರ್ಗಾನ್ ಇದೆಯೆಂದು ತೋರಿಸಿದರು. ಮರುವರ್ಷ ರಾಮ್ಸೆ, ಅದುವರೆಗೆ ಸೂರ್ಯನ ಬೆಳಕಿನಲ್ಲಷ್ಟೇ ಗುರುತು ಸಿಕ್ಕಿದ್ದ ಹೀಲಿಯಂ ಅನ್ನು ಭೂಮಿಯ ಮೇಲೂ ಕಂಡುಹಿಡಿದರು.

ಆವರ್ತಕ ಕೋಷ್ಟಕದಲ್ಲಿ ಈ ಎರಡರ ಅಕ್ಕಪಕ್ಕ ಇನ್ನೂ ಖಾಲಿ ಜಾಗ ಇರಬೇಕು ಎನ್ನುವುದು ಗುರುಶಿಷ್ಯರ ಲೆಕ್ಕಾಚಾರ. ಹುಡುಕಿದರು. 1898ರ ಮೇ ಕೊನೆಗೆ ಕ್ರಿಪ್ಟಾನ್ ಸಿಕ್ಕಿತು. ಜೂನ್‌ನಲ್ಲಿ ನಿಯಾನ್, ಜುಲೈನಲ್ಲಿ ಜೆನಾನ್. ಆರೇಳು ವಾರದಲ್ಲಿ ಮೂರು ಹೊಸ ಮೂಲವಸ್ತುಗಳು! ಜೆನಾನ್ ಗಾಳಿಯಲ್ಲಿರೋದು ಕೋಟಿ ಭಾಗಕ್ಕೆ ಒಂದು ಭಾಗದ ಆಸುಪಾಸು. ಅಷ್ಟು ಸಣ್ಣದನ್ನು ಹಿಡಿಯೋಕೆ ಬುದ್ಧಿ ಒಂದೇ ಸಾಲದು, ಕೈಚಳಕವೂ ಬೇಕು. ಉಪಕರಣಗಳನ್ನು ಅಂಗಡಿಯಲ್ಲಿ ಕೊಳ್ಳುವ ಕಾಲ ಅದಲ್ಲ. ಟ್ರಾವರ್ಸ್ ಗಾಜು ಊದುವುದರಲ್ಲಿ, ಯಂತ್ರ ಜೋಡಿಸುವುದರಲ್ಲಿ ಪಳಗಿದ ಕೈ. ಹೈಡ್ರೋಜನ್ ಅನ್ನು ದ್ರವ ಮಾಡುವ ಯಂತ್ರವನ್ನೂ ಅವರೇ ಕಟ್ಟಿಕೊಂಡರು.

1904ರಲ್ಲಿ ರಾಮ್ಸೆಗೆ ನೊಬೆಲ್ ಬಂತು, ಅವರೊಬ್ಬರಿಗೇ. ಟ್ರಾವರ್ಸ್ ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು, ಬ್ರಿಸ್ಟಲ್‌ನ ಕಾಲೇಜಿಗೆ ಪ್ರೊಫೆಸರ್ ಆಗಿ ಹೋದರು. ಆ ಕಾಲೇಜನ್ನು ವಿಶ್ವವಿದ್ಯಾಲಯ ಮಾಡಬೇಕು ಅಂತ ಆಗ ಅಲ್ಲಿ ಓಡಾಟ ನಡೆದಿತ್ತು. ಟ್ರಾವರ್ಸ್ ಅದರಲ್ಲಿ ಮುಂದಿದ್ದರು. ಸಂಸ್ಥೆ ಕಟ್ಟುವ ಹುಚ್ಚು ಅವರಿಗೆ ಹತ್ತಿದ್ದು ಅಲ್ಲಿಯೇ ಇರಬೇಕು.

ಟಾಟಾ ಕನಸು, ಕರ್ಜನ್ ಪ್ರಶ್ನೆ

ಇತ್ತ ಭಾರತದಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಜೆಮ್‌ಷೆಟ್‌ಜಿ ಟಾಟಾ ಉನ್ನತ ಸಂಶೋಧನೆಯ ವಿಶ್ವವಿದ್ಯಾಲಯವೊಂದಕ್ಕೆ ಮುಂಬೈಯಲ್ಲಿದ್ದ ಸುಮಾರು 30 ಲಕ್ಷ ರೂಪಾಯಿಯ ಆಸ್ತಿ ಕೊಡುತ್ತೇನೆಂದು 1898ರಲ್ಲಿ ಘೋಷಿಸಿದ್ದರು. ಅವರ ಪರವಾಗಿ ಬುರ್ಜೋರ್ಜಿ ಪಾದ್‌ಶಾ ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ಸುತ್ತಿ ನೋಡಿ ಬಂದು ಯೋಜನೆ ತಯಾರಿಸಿದರು.

ಆ ಮೊದಲ ಯೋಜನೆಯಲ್ಲಿ ಇದ್ದದ್ದು ಮೂರು ವಿಭಾಗ. ಒಂದು ವಿಜ್ಞಾನ ಮತ್ತು ತಂತ್ರಜ್ಞಾನ. ಎರಡನೆಯದು ವೈದ್ಯಕೀಯ. ಮೂರನೆಯದು ತತ್ತ್ವಶಾಸ್ತ್ರ ಮತ್ತು ಶಿಕ್ಷಣ. ಈ ಮೂರನೆಯದರಲ್ಲಿ ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಭಾಷಾಶಾಸ್ತ್ರ, ಭಾರತದ ಇತಿಹಾಸ, ಪುರಾತತ್ತ್ವ ಎಲ್ಲಾ ಸೇರಿದ್ದವು. ಹಂಪಿಯ ಪಕ್ಕದಲ್ಲಿ ಬದುಕುವ ನಾವು ಈ ಪಟ್ಟಿಯನ್ನು ಒಮ್ಮೆ ನಿಧಾನಕ್ಕೆ ಓದಿಕೊಳ್ಳಬೇಕು.

1898ರ ಕೊನೆಯ ದಿನ ನಿಯೋಗವೊಂದು ಹೊಸದಾಗಿ ಬಂದಿಳಿದ ವೈಸರಾಯ್ ಕರ್ಜನ್ ಮುಂದೆ ಈ ಯೋಜನೆ ಇಟ್ಟಿತು. ಕರ್ಜನ್‌ಗೆ ಎರಡು ಅನುಮಾನ. ಇಷ್ಟು ಮೇಲ್ಮಟ್ಟದ ಓದಿಗೆ ಈ ದೇಶದಲ್ಲಿ ಸಾಕಷ್ಟು ವಿದ್ಯಾರ್ಥಿಗಳು ಸಿಗುತ್ತಾರಾ? ಓದಿ ಮುಗಿಸಿದ ಮೇಲೆ ಕೆಲಸ ಎಲ್ಲಿದೆ? ಸೀಟು ತುಂಬುತ್ತಾ, ಪ್ಲೇಸ್‌ಮೆಂಟ್ ಆಗುತ್ತಾ ಅಂತ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇವತ್ತಿಗೂ ಕೇಳುವ ಪ್ರಶ್ನೆಗಳು ಇವೇ. ಕೈಗಾರಿಕೆ ಬೆಳೆಯದ ಹಾಗೆ ಆಳುತ್ತಿದ್ದವರೇ 'ಕೆಲಸ ಎಲ್ಲಿದೆ' ಅಂತ ಕೇಳಿದ್ದು ಮಾತ್ರ ಸೋಜಿಗ.

ಆಮೇಲೆ ತಜ್ಞರ ಸರದಿ. 1900ರಲ್ಲಿ ಸ್ವತಃ ರಾಮ್ಸೆ ಭಾರತ ಸುತ್ತಿ, ಬೆಂಗಳೂರೇ ತಕ್ಕ ಜಾಗ ಎಂದರು. ಮರುವರ್ಷ ಮೆಲ್ಬರ್ನ್‌ನ ಪ್ರೊಫೆಸರ್ ಮ್ಯಾಸನ್, ರೂರ್ಕಿಯ ಕರ್ನಲ್ ಕ್ಲಿಬ್ಬರ್ನ್ ಇನ್ನೊಂದು ವರದಿ ಕೊಟ್ಟರು. ವರದಿಯ ಮೇಲೆ ವರದಿ ಬಂದ ಹಾಗೆ ಯೋಜನೆ ಕುಗ್ಗುತ್ತಾ ಹೋಯಿತು. ವೈದ್ಯಕೀಯ ಹೋಯಿತು, ಇತಿಹಾಸವೂ ಭಾಷಾಶಾಸ್ತ್ರವೂ ಹೋದವು. ಉಳಿದದ್ದು ರಸಾಯನಶಾಸ್ತ್ರ, ವಿದ್ಯುತ್ ತಂತ್ರಜ್ಞಾನದಂಥ ಕೆಲವೇ ವಿಷಯಗಳು. 1904ರ ಮೇ 19ರಂದು ಟಾಟಾ ಜರ್ಮನಿಯಲ್ಲಿ ತೀರಿಕೊಂಡರು. ಸಂಸ್ಥೆಯ ಒಂದು ಇಟ್ಟಿಗೆಯನ್ನೂ ಅವರು ನೋಡಲಿಲ್ಲ. ಮಕ್ಕಳಾದ ದೊರಾಬ್ಜಿ, ರತನ್ ಅಪ್ಪನ ಮಾತು ಉಳಿಸಿಕೊಂಡರು.

ಮೈಸೂರು ಸಂಸ್ಥಾನದ ಪಾಲನ್ನು ನಾವು ಆಗಾಗ ಮರೆಯುತ್ತೇವೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲೇ, ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ಅವರ ಸರ್ಕಾರ ಜಾಗ ಕೊಡುವ ಭರವಸೆ ನೀಡಿತ್ತು. 1907ರಲ್ಲಿ 371 ಎಕರೆ ಕೊಟ್ಟದ್ದಾಯಿತು. ವರ್ಷಕ್ಕೆ 50 ಸಾವಿರ ರೂಪಾಯಿ ಅನುದಾನವೂ ಬಂತು. ಅಂದರೆ ಈ ಸಂಸ್ಥೆಯಲ್ಲಿ ಟಾಟಾ ದುಡ್ಡು ಎಷ್ಟಿದೆಯೋ ಮೈಸೂರು ರೈತರ ಕಂದಾಯವೂ ಅಷ್ಟೇ ನಿಜವಾಗಿ ಇದೆ.

ಕಟ್ಟಡ ಇಲ್ಲದ ನಿರ್ದೇಶಕ

ಟ್ರಾವರ್ಸ್ 1906ರಲ್ಲಿ ನಿರ್ದೇಶಕರಾಗಿ ಬಂದಾಗ ಅವರಿಗೆ 34 ವರ್ಷ. ಬಂಗಾಳ ವಿಭಜನೆಯಾಗಿ ಒಂದು ವರ್ಷ, ಸ್ವದೇಶಿ ಚಳವಳಿ ಕಾವೇರಿದ್ದ ಹೊತ್ತು. ಸರ್ಕಾರಿ ವಿಶ್ವವಿದ್ಯಾಲಯ ಬೇಡ, ನಮ್ಮದೇ ಶಿಕ್ಷಣ ಬೇಕು ಅಂತ ಕಲ್ಕತ್ತಾದಲ್ಲಿ ಅದೇ ವರ್ಷ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಶುರುವಾಗಿತ್ತು. ಅಂಥ ಹೊತ್ತಿನಲ್ಲಿ, ಭಾರತೀಯನ ದುಡ್ಡಿನ ಸಂಸ್ಥೆಗೆ ಇಂಗ್ಲೆಂಡಿನ ಯುವಕನೊಬ್ಬ ಮುಖ್ಯಸ್ಥ.

ಬಂದವರಿಗೆ ಕಾಯುವುದೇ ಕೆಲಸವಾಯಿತು. ಆಸ್ತಿಯ ಹಸ್ತಾಂತರ, ಸರ್ಕಾರದ ಷರತ್ತು, ಆಡಳಿತದ ನಿಯಮ ಎಂದು ವರ್ಷಗಳು ಕಳೆದವು. ಸಂಸ್ಥೆಗೆ ಕಾನೂನಿನ ರೂಪ ಕೊಟ್ಟ ಆದೇಶ ಹೊರಬಿದ್ದದ್ದು 1909ರ ಮೇ 27ರಂದು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಅದೇ ಜುಲೈ 24ಕ್ಕೆ ಮೊದಲ ವಿದ್ಯಾರ್ಥಿಗಳು ಒಳಗೆ ಬಂದರು.

ಅಡಿಗಲ್ಲಿಗೂ ತರಗತಿಗೂ ಆರು ತಿಂಗಳ ಅಂತರವೂ ಇಲ್ಲ. ಇದು ಎಷ್ಟು ದೊಡ್ಡ ಸಂಗತಿ ಅಂತ ತೋರಣಗಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಜಯನಗರ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಇಂದಿರಾ ಗಾಂಧಿ ಇಲ್ಲಿ ಅಡಿಗಲ್ಲು ಹಾಕಿದರು. ಆ ಸಾರ್ವಜನಿಕ ವಲಯದ ಕಾರ್ಖಾನೆ ಬರಲೇ ಇಲ್ಲ. ಎರಡು ದಶಕ ಕಳೆದ ಮೇಲೆ ಬಂದದ್ದು ಖಾಸಗಿ ಕಂಪನಿ. ಕಲ್ಲು ಹಾಕೋದು ಸುಲಭ. ಅದರ ಮೇಲೆ ಏನಾದರೂ ಎದ್ದು ನಿಲ್ಲಬೇಕಾದರೆ ಹಿಂದೆ ಯಾರೋ ಒಬ್ಬರು ಕಡತ, ಕಂಟ್ರಾಕ್ಟು, ನೇಮಕ, ಪೈಪು, ತಂತಿ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರಬೇಕು. ಬೆಂಗಳೂರಿನಲ್ಲಿ ಆ ಒಬ್ಬರು ಟ್ರಾವರ್ಸ್.

ಸಾಮಾನ್ಯ ಮತ್ತು ಅನ್ವಯಿಕ ರಸಾಯನಶಾಸ್ತ್ರ, ವಿದ್ಯುತ್ ತಂತ್ರಜ್ಞಾನ, ಸ್ವಲ್ಪದರಲ್ಲೇ ಸಾವಯವ ರಸಾಯನಶಾಸ್ತ್ರ: ಶುರುವಾದದ್ದು ಇಷ್ಟು. ವಿದ್ಯುತ್ ವಿಭಾಗಕ್ಕೆ ಕಾರಣವೂ ಇತ್ತು. ಶಿವನಸಮುದ್ರದ ಜಲವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗೂ ಬಂದಿತ್ತು. ಇಲ್ಲಿಗೆ ಬರುತ್ತಿದ್ದವರು ಬೇರೆಡೆ ಪದವಿ ಮುಗಿಸಿದವರು. ಪುಸ್ತಕ ಬಾಯಿಪಾಠ ಮಾಡಿ ಪರೀಕ್ಷೆ ಬರೆಯೋದಕ್ಕೆ ಬದಲು ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡು ಕಲಿಯಬೇಕಿತ್ತು. ಭಾರತದ ವಿಶ್ವವಿದ್ಯಾಲಯಗಳು ಮುಖ್ಯವಾಗಿ ಪರೀಕ್ಷೆ ನಡೆಸುವ ಕಚೇರಿಗಳಾಗಿದ್ದ ಕಾಲದಲ್ಲಿ ಇದು ಹೊಸ ಹಾದಿ.

ಮೂರು ಜನರ ದುಡ್ಡು, ಮೂರು ಜನರ ಮಾತು

ಹಾಗಿದ್ದರೆ ಎಡವಟ್ಟಾದದ್ದು ಎಲ್ಲಿ?

ಸಂಸ್ಥೆಗೆ ಮೂರು ಯಜಮಾನರು. ಟಾಟಾ ಮನೆತನ, ಬ್ರಿಟಿಷ್ ಭಾರತ ಸರ್ಕಾರ, ಮೈಸೂರು ಸಂಸ್ಥಾನ. ಆಡಳಿತ ಮಂಡಳಿಯಲ್ಲಿ ಎಲ್ಲರ ಜನರೂ ಇದ್ದರು. ಎಲ್ಲರಿಗೂ ಒಂದೊಂದು ಬೇರೆ ಸಂಸ್ಥೆ ಬೇಕಿತ್ತು. ಪಾದ್‌ಶಾಗೆ ಬೇಕಿದ್ದದ್ದು ಕತ್ತರಿ ಬೀಳುವ ಮೊದಲಿನ ಆ ವಿಶಾಲ ವಿಶ್ವವಿದ್ಯಾಲಯ. ಸರ್ಕಾರಕ್ಕೆ ಬೇಕಿದ್ದದ್ದು ಖರ್ಚು ಕಡಿಮೆ, ತಂಟೆ ಕಡಿಮೆ ಇರುವ ತಾಂತ್ರಿಕ ಶಾಲೆ. ಮೈಸೂರಿಗೆ ತನ್ನ ಕಾಡು, ಗಣಿ, ಜಲಪಾತಗಳಿಂದ ಕೈಗಾರಿಕೆ ಎಬ್ಬಿಸುವ ಸಹಾಯ ಬೇಕು. ಟ್ರಾವರ್ಸ್‌ಗೆ ಬೇಕಿದ್ದದ್ದು ಲಂಡನ್ನಿನಲ್ಲಿ ತಾನು ಬೆಳೆದಂಥ ಪ್ರಯೋಗಾಲಯ.

ಪಾದ್‌ಶಾ ಮತ್ತು ಟ್ರಾವರ್ಸ್ ಇಬ್ಬರಿಗೂ ಮೊದಲಿನಿಂದ ಹೊಂದಲಿಲ್ಲ. ಒಬ್ಬರು ಸಂಸ್ಥೆಯ ಕನಸನ್ನು ವರ್ಷಗಳಿಂದ ಹೊತ್ತವರು. ಇನ್ನೊಬ್ಬರು ಸಂಬಳಕ್ಕೆ ಬಂದವರು, ಆದರೆ ವಿಜ್ಞಾನ ಅಂದರೆ ಏನು ಅಂತ ತಮಗಷ್ಟೇ ಗೊತ್ತು ಎಂದುಕೊಂಡವರು. ದಿನ ಕಳೆದಂತೆ ಕೆಲವು ಪ್ರೊಫೆಸರುಗಳ ಜೊತೆಯೂ ನಿರ್ದೇಶಕರಿಗೆ ಮನಸ್ತಾಪ ಬಂತು. ಮಂಡಳಿಯ ಜೊತೆ ತಿಕ್ಕಾಟ ಬೆಳೆಯಿತು. 1914ರಲ್ಲಿ ಟ್ರಾವರ್ಸ್ ರಾಜೀನಾಮೆ ಕೊಟ್ಟರು. ಪಾಠ ಶುರುವಾಗಿ ಮೂರು ವರ್ಷವಷ್ಟೇ ಆಗಿತ್ತು.

ಇದನ್ನು ಎರಡು ಸುಲಭದ ರೀತಿಯಲ್ಲಿ ಓದಬಹುದು. ಮೊದಲನೆಯದು, ಅಹಂಕಾರಿ ಬಿಳಿಯ, ಭಾರತೀಯರ ಕನಸನ್ನು ಕುಗ್ಗಿಸಿದ ಎನ್ನುವುದು. ಎರಡನೆಯದು, ದೊಡ್ಡ ವಿಜ್ಞಾನಿ, ವ್ಯಾಪಾರಿಗಳ ಹಸ್ತಕ್ಷೇಪಕ್ಕೆ ಬಲಿಯಾದ ಎನ್ನುವುದು. ಎರಡರಲ್ಲೂ ಅರ್ಧರ್ಧ ಸತ್ಯವಿದೆ. ವಸಾಹತುಶಾಹಿ ಇದರಲ್ಲಿ ಇಲ್ಲವೆಂದರೆ ಸುಳ್ಳಾಗುತ್ತದೆ. ಮೊದಲ ಮೂವರು ನಿರ್ದೇಶಕರಾದ ಟ್ರಾವರ್ಸ್, ಬೋರ್ನ್, ಫಾರ್ಸ್ಟರ್ ಬ್ರಿಟಿಷರು. ಭಾರತೀಯನ ದಾನದಲ್ಲಿ ಎದ್ದ ಸಂಸ್ಥೆಗೆ ಭಾರತೀಯ ನಿರ್ದೇಶಕ ಬಂದದ್ದು 1933ರಲ್ಲಿ, ಅದೂ ನೊಬೆಲ್ ಗೆದ್ದ ಮೇಲೆ ಸಿ.ವಿ. ರಾಮನ್. ಇತ್ತ 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ದಿನದಿಂದಲೇ ಎಚ್.ವಿ. ನಂಜುಂಡಯ್ಯ ಕುಲಪತಿ. ಅರ್ಹ ಭಾರತೀಯರು ಇರಲಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ಆದರೆ ರಾಮನ್‌ಗೆ ಏನಾಯಿತು ನೋಡಿ. ಮೂರೇ ವರ್ಷದಲ್ಲಿ ಅವರಿಗೂ ಮಂಡಳಿಗೂ ಜಗಳ. 1936ರಲ್ಲಿ ಸರ್ ಜೇಮ್ಸ್ ಇರ್ವಿನ್ ಸಮಿತಿ ಬಂದು ವಿಚಾರಣೆ ನಡೆಸಿತು. 1937ರಲ್ಲಿ ರಾಮನ್ ನಿರ್ದೇಶಕ ಹುದ್ದೆ ಬಿಟ್ಟು ಬರೀ ಪ್ರೊಫೆಸರ್ ಆಗಿ ಉಳಿದರು. ನಿರ್ದೇಶಕ ಲಂಡನ್ನಿನವನಾದರೂ ಅಷ್ಟೇ, ತಿರುಚ್ಚಿಯವನಾದರೂ ಅಷ್ಟೇ, ಗಂಟು ಅದೇ ಜಾಗದಲ್ಲಿ ಬಿತ್ತು. ಹಾಗಾದರೆ ತಪ್ಪು ಮನುಷ್ಯರ ಸ್ವಭಾವದಲ್ಲಿ ಮಾತ್ರ ಇರಲಿಲ್ಲ ಅಂತಾಯಿತು. ದುಡ್ಡು ಕೊಡುವವರು ಎಲ್ಲಿ ನಿಲ್ಲಬೇಕು, ವಿದ್ವಾಂಸರ ಅಧಿಕಾರ ಎಲ್ಲಿಂದ ಶುರು ಆಗಬೇಕು ಎನ್ನುವ ಗೆರೆ 1909ರ ಆದೇಶದಲ್ಲಿ ಸ್ಪಷ್ಟವಾಗಿ ಬಿದ್ದಿರಲಿಲ್ಲ. ಗೆರೆ ಇಲ್ಲದ ಕಡೆ ಜೋರು ದನಿಯವನೇ ಗೆಲ್ಲೋದು.

ಹೋದ ಮೇಲೆ

ಟ್ರಾವರ್ಸ್ ಹೋದ ವರ್ಷವೇ ಮಹಾಯುದ್ಧ ಶುರುವಾಯಿತು. ಮೈಸೂರಿನ ಗಂಧದ ಮರ ಅದುವರೆಗೆ ಯುರೋಪಿಗೆ ಹೋಗುತ್ತಿತ್ತು. ಆ ದಾರಿ ಮುಚ್ಚಿತು, ಮರ ಗೋದಾಮಿನಲ್ಲಿ ಬಿದ್ದಿತು. ಎಣ್ಣೆಯನ್ನು ಇಲ್ಲೇ ತೆಗೆಯಬಹುದು ಅಂತ ಪ್ರಯೋಗ ಮಾಡಿ ತೋರಿಸಿದ್ದು ಇದೇ ಸಂಸ್ಥೆಯ ಸಡ್‌ಬರೋ ಮತ್ತು ವ್ಯಾಟ್ಸನ್. ಇಬ್ಬರೂ ಟ್ರಾವರ್ಸ್ ಕಾಲದಲ್ಲೇ ಸೇರಿದವರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು, ಅದರ ಬೆನ್ನಿಗೇ ಮೈಸೂರ್ ಸ್ಯಾಂಡಲ್ ಸೋಪು ಬಂತು. ಟ್ರಾವರ್ಸ್ ಕಟ್ಟಿದ ಪ್ರಯೋಗಾಲಯ ಮೈಸೂರಿನ ಜನರ ಕೈಗೆ ಬಂದದ್ದು ಹೀಗೆ, ಅವರು ಹೊರಟ ಮೇಲೆ. 'ಶುದ್ಧ ವಿಜ್ಞಾನವೋ, ಜನೋಪಯೋಗಿ ವಿಜ್ಞಾನವೋ' ಅಂತ ವರ್ಷಗಟ್ಟಲೆ ನಡೆದ ವಾದವನ್ನು ಒಂದು ಸಾಬೂನು ಸದ್ದಿಲ್ಲದೆ ಮುಗಿಸಿತು.

ಇಂಗ್ಲೆಂಡಿಗೆ ಮರಳಿದ ಟ್ರಾವರ್ಸ್ ಸುಮ್ಮನೆ ಕೂರಲಿಲ್ಲ. ಪ್ರಯೋಗಾಲಯದ ಗಾಜಿಗೆ ಬ್ರಿಟನ್ ಅದುವರೆಗೆ ಜರ್ಮನಿಯನ್ನು ನಂಬಿತ್ತು. ಯುದ್ಧ ಬಂದಾಗ ಅದು ನಿಂತುಹೋಯಿತು. ಗಾಜು ಊದುವ ಈ ಮನುಷ್ಯ ಗಾಜಿನ ಕಾರ್ಖಾನೆ ನಡೆಸಿದರು. ಆಮೇಲೆ ಕುಲುಮೆ ಮತ್ತು ಇಂಧನದ ಕಂಪನಿ ಮಾಡಿದರು. 1927ರಲ್ಲಿ ಮತ್ತೆ ಬ್ರಿಸ್ಟಲ್‌ಗೆ ಹೋಗಿ ಹತ್ತು ವರ್ಷ ಸಂಶೋಧನೆ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಸರ್ಕಾರಕ್ಕೆ ಸ್ಫೋಟಕಗಳ ವಿಷಯದಲ್ಲಿ ಸಲಹೆಗಾರರಾದರು. ಗುರು ರಾಮ್ಸೆಯ ಜೀವನಚರಿತ್ರೆ ಬರೆದು 1956ರಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ, ಪ್ರಕಟಿಸಿದರು. 1961ರ ಆಗಸ್ಟ್ 25ರಂದು ಗ್ಲಾಸ್ಟರ್‌ಶೈರ್‌ನ ಸ್ಟ್ರೌಡ್‌ನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಬೆಂಗಳೂರಿನ ಸಂಸ್ಥೆಗೆ ಆ ಹೊತ್ತಿಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿ ಮೂರು ವರ್ಷವಾಗಿತ್ತು.

ಕತ್ತರಿಸಿದ ಭಾಗಗಳು

ಟಾಟಾ ಯೋಜನೆಯಿಂದ ಆಗ ಕತ್ತರಿಸಿ ಹಾಕಿದ ಎರಡು ವಿಭಾಗಗಳು ಏನಾದವು?

ವೈದ್ಯಕೀಯ ವಾಪಸು ಬರುತ್ತಿದೆ. 2022ರಲ್ಲಿ ದಾನಿಗಳು 425 ಕೋಟಿ ರೂಪಾಯಿ ಕೊಟ್ಟರು. ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಯ ಕೆಲಸ ಶುರುವಾಯಿತು. 120 ವರ್ಷ ತಡವಾದರೂ ಪಾದ್‌ಶಾ ಹೇಳಿದ್ದು ಸರಿ ಅಂತಾಯಿತು.

ಮೂರನೆಯ ವಿಭಾಗ, ಅಂದರೆ ಇತಿಹಾಸ, ಪುರಾತತ್ತ್ವ, ಭಾಷಾಶಾಸ್ತ್ರ? ಆ ಕೆಲಸವನ್ನು ಈ ನಾಡಿನಲ್ಲಿ ಹೆಗಲ ಮೇಲೆ ಹೊತ್ತ ಸಂಸ್ಥೆಗಳಲ್ಲೊಂದು ತೋರಣಗಲ್ಲಿನಿಂದ ಗಂಟೆಯ ದಾರಿಯಲ್ಲೇ ಇದೆ. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಅಲ್ಲಿ ಅನುದಾನಕ್ಕೆ ಎಷ್ಟು ಪರದಾಟವಿದೆ ಅಂತ ನಮ್ಮ ಭಾಗದ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಇತ್ತ 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಪಕ್ಕದ ಕೊಪ್ಪಳದ್ದೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಕೊಟ್ಟ ಕಾರಣ ದುಡ್ಡಿಲ್ಲ, ಭೂಮಿಯಿಲ್ಲ, ಸಿಬ್ಬಂದಿಯಿಲ್ಲ ಅಂತ. ಆ ಮಾತು ಸುಳ್ಳಲ್ಲ. ಆದರೆ ಇವುಗಳನ್ನು ಘೋಷಿಸಿದ ದಿನ ಈ ಲೆಕ್ಕ ಕೇಳಿದವರು ಯಾರು? ಟ್ರಾವರ್ಸ್ ಕಾಲದಲ್ಲಿ ಕಡತ ಓಡಾಡಿದ್ದು ಹತ್ತಕ್ಕೂ ಹೆಚ್ಚು ವರ್ಷ, ಆದರೆ ಕೊನೆಗೆ ಜಾಗ, ದುಡ್ಡು, ಪ್ರೊಫೆಸರು ಎಲ್ಲಾ ಇದ್ದ ಮೇಲೆ ಬಾಗಿಲು ತೆಗೆದರು. ನಾವು ಬಾಗಿಲಿಗೆ ಬೋರ್ಡು ಹಾಕಿ ಆಮೇಲೆ ಗೋಡೆ ಹುಡುಕುತ್ತೇವೆ.

ರಾಜ್ಯಪಾಲರು ಕುಲಾಧಿಪತಿ ಆಗಿರಬೇಕೋ, ಮುಖ್ಯಮಂತ್ರಿಯೋ ಎನ್ನುವ ವಾದದಲ್ಲಿ ನಮ್ಮ ಪಕ್ಷ ಯಾವುದೋ ಆ ಕಡೆ ನಿಲ್ಲೋದು ಸುಲಭ. ಟ್ರಾವರ್ಸ್ ಮತ್ತು ರಾಮನ್ ಇಬ್ಬರ ಕಥೆಯೂ ಹೇಳೋದು ಬೇರೆಯದನ್ನೇ. ಕುರ್ಚಿ ಯಾರದು ಎನ್ನುವುದಕ್ಕಿಂತ ಮೊದಲು, ಆ ಕುರ್ಚಿಯ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಅಂತ ಕಾನೂನಿನಲ್ಲಿ ಬರೆದಿದೆಯಾ ಅಂತ ಕೇಳಬೇಕು. ಯಾವ ವಿಷಯ ಕಲಿಸಬೇಕು, ಯಾವುದನ್ನು ಸಂಶೋಧಿಸಬೇಕು ಎನ್ನುವುದನ್ನು ಅಧ್ಯಾಪಕರು ತೀರ್ಮಾನಿಸುತ್ತಾರಾ? ಅನುದಾನ ಮುಂದಿನ ಬಜೆಟ್ಟಿನ ಮೂಡಿನ ಮೇಲೆ ನಿಂತಿದೆಯಾ, ಅಥವಾ ಟಾಟಾ ಆಸ್ತಿಯ ಹಾಗೆ ಕೈಯಿಟ್ಟರೂ ಅಲ್ಲಾಡದ ಮೂಲ ನಿಧಿ ಇದೆಯಾ? ಕೊಪ್ಪಳದ ವಿದ್ಯಾರ್ಥಿಗಳು ಮುಂದಿನ ಸಲ ಮನವಿಪತ್ರ ಹಿಡಿದು ಹೋದಾಗ 'ಮುಚ್ಚಬೇಡಿ' ಎನ್ನುವ ಒಂದು ಸಾಲಿನ ಕೆಳಗೆ ಈ ಎರಡು ಪ್ರಶ್ನೆಗಳನ್ನೂ ಬರೆಯಬೇಕು.